ನಾಯಿ ಕೊಡುವವರು ನಿಜ ಹೇಳಿ ಕೊಡಲಿ

ಪೇಟೆಯಲ್ಲಿ ಸಾಕಿದ ನಾಯಿಗೆ ವಯಸ್ಸಾಗುತ್ತಾ ಬಂದು, ಮನೆಗೆ ಬಂದವರ ಮೇಲೆಲ್ಲ ಬೀಳೋಕೆ ಶುರು ಮಾಡಿತು ಅಂದರೆ ಆ ಮನೆಯವರಿಗೆ ಮೊದಲು ನೆನಪಾಗೋದು ಹಳ್ಳಿ. ‘ನಿಮಗೇನು, ಎಕರೆಗಟ್ಟಲೆ ಹೊಲ ಇದೆ. ಬಿಟ್ಟರೆ ಓಡಾಡಿಕೊಂಡು ಸರಿಹೋಗುತ್ತೆ’ ಅಂತಾರೆ. ಹೇಳುವವರು ಕೆಟ್ಟವರೇನಲ್ಲ. ಮೂರನೇ ಮಹಡಿಯಲ್ಲಿ ಕಟ್ಟಿಹಾಕಿದ ನಾಯಿಯನ್ನು ನೋಡಿ ನೋಡಿ ಅವರಿಗೂ ಬೇಜಾರಾಗಿರುತ್ತದೆ. ಬಯಲು ಕಂಡರೆ ಅದರ ಸಿಟ್ಟೆಲ್ಲ ಇಳಿಯುತ್ತದೆ ಅಂತ ನಂಬಿರುತ್ತಾರೆ. ಆ ನಂಬಿಕೆ ಸುಳ್ಳು. ಅದರ ದಂಡ ಕಟ್ಟುವವರು ನಾವು, ನಮ್ಮ ಕುರಿ, ನಮ್ಮ ಮಕ್ಕಳು, ಕೊನೆಗೆ ಆ ನಾಯಿ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿದ ಹೊಲ. ಶೇಂಗಾ, ಒಂದಿಷ್ಟು ಸಜ್ಜೆ, ನವಣೆ, ಜೊತೆಗೆ ಕುರಿ. ಐದಾರು ವರ್ಷದಲ್ಲಿ ನಮ್ಮ ಹಟ್ಟಿಗೂ ಸುತ್ತಿನ ಹೊಲದ ಮನೆಗಳಿಗೂ ಪೇಟೆಯಿಂದ ಇಂಥ ಐದು ನಾಯಿ ಬಂದವು. ಎಲ್ಲಾ ಜಾತಿ ನಾಯಿಗಳೇ. ಎಲ್ಲವೂ ನಾಲ್ಕೈದು ವರ್ಷ ದಾಟಿದವು. ಒಂದು ಬಂದ ವಾರಕ್ಕೇ ಬಳ್ಳಾರಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿತು. ರಸ್ತೆ ಅಂದರೇನು ಅಂತ ಅದಕ್ಕೆ ಗೊತ್ತೇ ಇರಲಿಲ್ಲ. ಒಂದನ್ನು ರಾತ್ರಿ ಚಿರತೆ ಎತ್ತಿಕೊಂಡು ಹೋಯಿತು, ಬೆಳಿಗ್ಗೆ ಸರಪಳಿ ಮಾತ್ರ ಇತ್ತು. ಒಂದು ತಪ್ಪಿಸಿಕೊಂಡಿತು, ಎಲ್ಲಿ ಹೋಯಿತೋ ತಿಳಿಯದು. ಇನ್ನೊಂದು ರೊಪ್ಪಕ್ಕೆ ನುಗ್ಗಿ ಮರಿಗಳನ್ನು ಹರಿದು ಹಾಕಿದ ಮೇಲೆ ಕುರಿಯವರು ಅಲ್ಲೇ ಹೊಡೆದು ಹಾಕಿದರು. ಐದನೆಯದು ನಮ್ಮ ಮನೆಯಲ್ಲಿದೆ. ಕೊಟ್ಟು ಹೋದವರು ಪೇಟೆಯಲ್ಲಿ ಈಗಲೂ ‘ನಮ್ಮ ನಾಯಿ ಹಳ್ಳಿಯಲ್ಲಿ ಸುಖವಾಗಿದೆ’ ಅಂತ ಹೇಳಿಕೊಂಡಿದ್ದಾರೋ ಏನೋ.

ಒಂದನೇ ಕ್ಲಾಸೇ ತಪ್ಪಿದ ಮೇಲೆ

ಕುರಿ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ರೊಪ್ಪದ ನಾಯಿ ಹೇಗೆ ತಯಾರಾಗುತ್ತದೆ ನೋಡಿ. ಹೆಣ್ಣುನಾಯಿ ರೊಪ್ಪದ ಪಕ್ಕದಲ್ಲೇ ಮರಿ ಹಾಕುತ್ತದೆ. ಕಣ್ಣು ಬಿಟ್ಟ ಮೇಲೆ ಆ ಮರಿಗಳು ಮೂಸೋದು ಕುರಿಯ ವಾಸನೆಯನ್ನೇ. ಒಂದೂವರೆ ತಿಂಗಳಿಗೆ ಯಾವುದೋ ತಾಯಿಕುರಿ ಮೂತಿಗೆ ಗುದ್ದಿ ಕಳಿಸುತ್ತದೆ. ಮಕ್ಕಳು ಎತ್ತಿಕೊಂಡು ತಿರುಗುತ್ತಾರೆ. ಕಂಬಳಿ ಹೊದ್ದವರು, ಕೋಲು ಹಿಡಿದವರು, ಸೈಕಲ್ಲು, ಟ್ರಾಕ್ಟರು, ಬೇರೆ ನಾಯಿಗಳು, ಹಬ್ಬದ ತಮಟೆ, ಎಲ್ಲವನ್ನೂ ಮೂರು ತಿಂಗಳೊಳಗೆ ಕಂಡಾಗಿರುತ್ತದೆ. ಪಶುವೈದ್ಯರು ಹೇಳೋದೂ ಅದೇ. ಹುಟ್ಟಿದ ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕು ವಾರದವರೆಗೆ ನಾಯಿಮರಿಯ ಮನಸ್ಸು ತೆರೆದಿರುತ್ತದೆ. ಆಗ ಕಂಡದ್ದು ತನ್ನದು, ಆಗ ಕಾಣದ್ದೆಲ್ಲ ಮುಂದೆ ಹೆದರಿಕೆ ತರುವಂಥದು. ಕಾಣದ್ದನ್ನು ಮುಂದೆ ಕಲಿಸೋಕೆ ಆಗೋದೇ ಇಲ್ಲ ಅಂತಲ್ಲ. ತಿಂಗಳಲ್ಲಿ ಆಗಬೇಕಾದ್ದಕ್ಕೆ ವರ್ಷ ಹಿಡಿಯುತ್ತದೆ, ಆದರೂ ಅರ್ಧಂಬರ್ಧ.

ನಾನು ಓದಿದ್ದು ಏಳನೇ ಕ್ಲಾಸು. ಈ ಪೇಟೆ ನಾಯಿಗಳಿಗೆ ಒಂದನೇ ಕ್ಲಾಸೇ ತಪ್ಪಿರುತ್ತದೆ. ಮೂವತ್ತು ನಲವತ್ತು ದಿನದ ಮರಿಯನ್ನು ತಾಯಿಯಿಂದ ಬಿಡಿಸಿ ಅಂಗಡಿಯಲ್ಲಿ ಮಾರುತ್ತಾರೆ. ತಂದವರು ಮನೆಯೊಳಗೆ ಕೂಡುತ್ತಾರೆ. ಮುದ್ದಾಗಿರೋವರೆಗೆ ಎಲ್ಲರ ತೊಡೆ ಮೇಲೆ. ಬೆಳೆದ ಮೇಲೆ ಬಾಲ್ಕನಿಯಲ್ಲಿ ಗೇಣುದ್ದ ಸರಪಳಿ. ಅದು ಕಚ್ಚೋದು ಧೈರ್ಯದಿಂದಲ್ಲ, ಭಯದಿಂದ. ಭಯ ಬಿದ್ದ ನಾಯಿಯನ್ನು ತಂದು ಒಂದೇ ದಿನ ಎಂಟು ಎಕರೆ ಬಯಲಿನಲ್ಲಿ ಬಿಟ್ಟರೆ ಅದಕ್ಕೆ ಕಾಣೋದು ಎಂಟು ಎಕರೆ ಭಯವೇ.

ನಮ್ಮ ಬೂದನ ವಿಷಯ

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. 2022ರ ಯುಗಾದಿ ಕಳೆದ ಮೇಲೆ ಕಾರಿನಲ್ಲಿ ಒಂದು ಗಂಡು ಜರ್ಮನ್ ಶೆಫರ್ಡ್ ತಂದ. ನಮ್ಮ ಕಡೆ ಪೊಲೀಸ್ ನಾಯಿ ಅಂತಾರಲ್ಲ, ಅದು. ಆರು ವರ್ಷ. ಹೆಸರು ಬ್ರೂನೊ. ನಮ್ಮ ಮನೆಯಾಕೆಯ ಬಾಯಲ್ಲಿ ಅದು ಎರಡೇ ದಿನಕ್ಕೆ ಬೂದ ಆಯಿತು. ಅಕ್ಕನ ಮಗ ಮನೆ ಬದಲಾಯಿಸುತ್ತಿದ್ದ, ಹೊಸ ಮನೆಯಲ್ಲಿ ನಾಯಿ ಇಡಂಗಿಲ್ಲವಂತೆ. ‘ಕಚ್ಚುತ್ತೇನಪ್ಪಾ?’ ಅಂತ ನೇರವಾಗಿಯೇ ಕೇಳಿದೆ. ‘ಇಲ್ಲ ಮಾವ, ಬರೀ ಬೊಗಳುತ್ತೆ’ ಅಂದ. ಆಮೇಲೆ ಅಕ್ಕನ ಬಾಯಿಂದ ನಿಜ ಹೊರಗೆ ಬಂತು. ಹಾಲು ಹಾಕೋ ಹುಡುಗನ ಮುಂಗೈಗೆ ಒಂದು ಸಲ, ಕೆಳಗಿನ ಮನೆಯವರ ತೊಡೆಗೆ ಒಂದು ಸಲ ಬಾಯಿ ಹಾಕಿತ್ತು. ಕೂಸು ಹುಟ್ಟಿದ ಮೇಲೆ ಒಂದೂವರೆ ವರ್ಷ ಬಾಲ್ಕನಿ ಬಿಟ್ಟು ಬಂದಿರಲಿಲ್ಲ.

ನಮ್ಮಲ್ಲಿ ಮೊದಲ ದಿನದಿಂದಲೇ ಅದನ್ನು ಬಿಟ್ಟಿರಲಿಲ್ಲ. ಬೇವಿನ ಮರದ ಕೆಳಗೆ ಹತ್ತಡಿ ಹನ್ನೆರಡಡಿ ಜಾಗಕ್ಕೆ ಕಬ್ಬಿಣದ ಜಾಲರಿ ಕಟ್ಟಿ, ಮೇಲೂ ಜಾಲರಿ ಹೊದಿಸಿದ್ದೆ. ಮೇಲೆ ಮುಚ್ಚಿದ್ದು ನಾಯಿ ಹಾರುತ್ತೆ ಅಂತಲ್ಲ, ಚಿರತೆ ಇಳಿಯುತ್ತೆ ಅಂತ. ಒಂಬತ್ತನೇ ದಿನ ಬೇಲಿ ಹಗ್ಗ ಕೇಳೋಕೆ ಬಂದ ಯಾರೋ ಒಬ್ಬರು ‘ಪಾಪ, ಒಳಗೇ ಕೂಡಿದಾರಲ್ಲ’ ಅಂತ ಅಗಳಿ ತೆಗೆದರು. ಬೂದ ನೆಟ್ಟಗೆ ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಹಿಂಡಿಗೆ ಬಿತ್ತು. ಎರಡು ಮರಿ ಸತ್ತವು. ಅದು ತಿನ್ನೋಕೆ ಕೊಂದದ್ದಲ್ಲ. ಓಡಿದ್ದನ್ನೆಲ್ಲ ಅಟ್ಟಿಸಿಕೊಂಡು ಹೋಗಿ ಹಿಡಿದು ಜಾಡಿಸಿತು ಅಷ್ಟೆ. ಆಮೇಲೆ ಆ ಸತ್ತ ಮರಿ ಪಕ್ಕದಲ್ಲೇ ಏನು ಮಾಡೋದು ತಿಳಿಯದಂಗೆ ನಿಂತಿತ್ತು. ಎರಡು ಮರಿಗೆ 11,000 ರೂಪಾಯಿ ಎಣಿಸಿಕೊಟ್ಟೆ. ಅಕ್ಕನ ಮಗನಿಗೆ ಫೋನು ಮಾಡಿದರೆ ‘ಅಯ್ಯೋ, ಹೌದಾ ಮಾವ’ ಅಂದ. ದುಡ್ಡು ಅಕ್ಕ ಕಳಿಸಿದಳು.

ಹಟ್ಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಮದ್ದು. ಸತ್ತ ಮರಿಯನ್ನೇ ಅದರ ಕೊರಳಿಗೆ ಕಟ್ಟು ಅಂದರು. ಟಗರಿನ ಜೊತೆ ಕೂಡಿ ಗುದ್ದಿಸು ಅಂದರು. ಮೂಗಿಗೆ ಕಾರದ ಪುಡಿ ಹಾಕು ಅಂದರು. ನಾಲ್ಕು ಬಿಗಿದರೆ ಎಲ್ಲಾ ಸರಿಹೋಗುತ್ತೆ ಅಂದವರು ಬಹಳ. ಭಯಕ್ಕೆ ಕಚ್ಚೋ ನಾಯಿಗೆ ಹೊಡೆದರೆ ಅದಕ್ಕೆ ಅರ್ಥವಾಗೋದು ಒಂದೇ, ‘ಈ ಮನುಷ್ಯರಿಗೆ ನಾನು ಹೆದರಿದ್ದು ಸರಿಯಾಗೇ ಇತ್ತು’ ಅಂತ. ಇದರಲ್ಲಿ ಯಾವುದನ್ನೂ ಮಾಡಲಿಲ್ಲ.

ನಾವು ಮಾಡಿದ್ದು

ಮೊದಲು ಪಶುವೈದ್ಯರನ್ನು ಕರೆಸಿದೆವು. ಕಚ್ಚೋ ನಾಯಿಯನ್ನು ಮುಟ್ಟಿ ನೋಡೋದು ಹೇಗೆ? ಎತ್ತಿಗೆ ಎಡೆಕುಂಟೆ ಹೊಡೆಯುವಾಗ ಕುಕ್ಕೆ ಹಾಕುತ್ತೇವಲ್ಲ, ನಾಯಿಗೂ ಅಂಥದು ಸಿಗುತ್ತದೆ, ಬುಟ್ಟಿಯಂತೆ ಹೆಣೆದದ್ದು. ಅದರೊಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ಬಟ್ಟೆಯಿಂದ ಮೂತಿ ಬಿಗಿದು ಹೊತ್ತುಗಟ್ಟಲೆ ಬಿಡಬೇಡಿ. ನಾಯಿ ಮೈ ತಂಪು ಮಾಡಿಕೊಳ್ಳೋದು ಬಾಯಿ ತೆರೆದು ತೇಕೋದರಿಂದ. ನಮ್ಮ ಬಿಸಿಲಿಗೆ ಬಾಯಿ ಕಟ್ಟಿದರೆ ಸತ್ತೇ ಹೋಗಬಹುದು. ಕುಕ್ಕೆಯನ್ನೂ ಒಂದೇ ಸಲಕ್ಕೆ ಹಾಕಲಿಲ್ಲ. ಅದರೊಳಗೆ ಮೊಟ್ಟೆ ಚೂರು ಇಟ್ಟು, ತಾನೇ ಮೂತಿ ಹಾಕೋವರೆಗೆ ಹತ್ತು ಹದಿನೈದು ದಿನ ಕಾದೆವು.

ವೈದ್ಯರು ನೋಡಿದರೆ ಎರಡೂ ಕಿವಿಯೊಳಗೆ ಕೀವು. ಹಿಂದಿನ ಸೊಂಟದ ಕೀಲು ಬಿಗಿದಿತ್ತು. ಈ ಜಾತಿಯ ದೊಡ್ಡ ನಾಯಿಗಳಿಗೆ ಅದು ಬರೋದುಂಟಂತೆ. ಕಿವಿಗೆ ಮದ್ದು ಬಿಟ್ಟ ಮೂರು ವಾರಕ್ಕೆ ಅದರ ಗುರುಗುಟ್ಟುವಿಕೆ ಅರ್ಧ ಇಳಿಯಿತು. ತಲೆ ಸವರೋಕೆ ಹೋದವರಿಗೇ ಅದು ಬಾಯಿ ಹಾಕುತ್ತಿತ್ತು ಅಂತ ಅಕ್ಕ ಹೇಳಿದ್ದು ಆಗ ಅರ್ಥವಾಯಿತು. ವರ್ಷಗಟ್ಟಲೆ ಕಿವಿ ನೋವಿದ್ದರೆ ನಾವಾದರೂ ಸುಮ್ಮನಿರುತ್ತೇವೆಯೇ? ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸಿಡುಕ ಆಯಿತು ಅಂದರೆ ಗುಣಕ್ಕಿಂತ ಮುಂಚೆ ಕಿವಿ, ಹಲ್ಲು, ಕೀಲು ನೋಡಿಸಬೇಕು.

ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಚೀಟಿ ಅಕ್ಕನ ಮಗನ ಹತ್ತಿರ ಇರಲಿಲ್ಲ. ಹಾಕಿಸಿಲ್ಲ ಅಂತಲೇ ಲೆಕ್ಕ ಹಿಡಿದು ಹೊಸದಾಗಿ ಹಾಕಿಸಿ, ಈಗ ವರ್ಷಕ್ಕೊಮ್ಮೆ ಹಾಕಿಸುತ್ತೇವೆ. ಜಂತುಹುಳದ ಮಾತ್ರೆಯನ್ನೂ ಮರೆಯಬಾರದು. ಕುರಿ ಇದ್ದವರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಕುರಿ ಒಂದೇ ಕಡೆ ತಲೆ ವಾಲಿಸಿಕೊಂಡು ಗಾಣದ ಎತ್ತಿನಂಗೆ ಸುತ್ತುತ್ತಾ ಸುತ್ತುತ್ತಾ ಸಾಯೋದನ್ನು ನೀವು ನೋಡಿರಬಹುದು. ಹಾಗೆ ಸುತ್ತೋದಕ್ಕೆ ಒಂದು ದೊಡ್ಡ ಕಾರಣ ನಾಯಿಯ ಹೊಟ್ಟೆಯ ಲಾಡಿಹುಳ. ಅದರ ಮೊಟ್ಟೆ ನಾಯಿ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಹೋಗಿ ಮಿದುಳಿನಲ್ಲಿ ನೀರುಗುಳ್ಳೆ ಕಟ್ಟುತ್ತದೆ. ಆ ಕುರಿಯ ತಲೆಯನ್ನು ಹಸಿದಾಗಿ ನಾಯಿಗೆ ಎಸೆದರೆ ಮತ್ತೆ ನಾಯಿಯ ಹೊಟ್ಟೆಗೆ. ಇನ್ನೊಂದು ಜಾತಿಯ ಹುಳ ಈಲಿ, ಶ್ವಾಸಕೋಶದಲ್ಲಿ ಗುಳ್ಳೆ ಕಟ್ಟುತ್ತದೆ, ಕುರಿಗೂ ಮನುಷ್ಯರಿಗೂ. ಹೊಸ ನಾಯಿ ಬಂದರೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ವೈದ್ಯರು ಹೇಳಿದ ಅಳತೆಯಲ್ಲಿ ಹಾಕಿ. ಹಸಿ ತಲೆ, ಕರುಳು ಎಸೆಯೋದು ಬಿಡಿ.

ಆಮೇಲಿನದು ಬರೀ ತಾಳ್ಮೆಯ ಕೆಲಸ. ನಾಯಿ ಸಾಕುವವರಲ್ಲಿ ಒಂದು ಲೆಕ್ಕ ಇದೆ: ಹೊಸ ಮನೆಗೆ ಬಂದ ನಾಯಿಗೆ ಮೂರು ದಿನ ಗಾಬರಿ, ಮೂರು ವಾರಕ್ಕೆ ಹೊತ್ತುಹೊತ್ತಿನ ಪದ್ಧತಿ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಬೂದನಿಗೆ ಅದರ ಎರಡರಷ್ಟು ಹಿಡಿಯಿತು. ಮುದ್ದೆ ಮಜ್ಜಿಗೆ ಇಡೋದು ಒಬ್ಬರೇ, ನಮ್ಮ ಮನೆಯಾಕೆ. ಇಟ್ಟು, ಬೆನ್ನು ತಿರುಗಿಸಿ ಹತ್ತಡಿ ದೂರ ಶೇಂಗಾ ಬಿಡಿಸುತ್ತಾ ಕೂರೋಳು. ಕಣ್ಣಲ್ಲಿ ಕಣ್ಣಿಟ್ಟು ನೋಡಂಗಿಲ್ಲ, ಕರೆಯಂಗಿಲ್ಲ, ಕೈ ಚಾಚಂಗಿಲ್ಲ. ಮೊದಲ ವಾರ ಅವಳು ಎದ್ದು ಹೋಗೋವರೆಗೆ ಅದು ತಟ್ಟೆ ಮುಟ್ಟಲಿಲ್ಲ. ಒಂದು ತಿಂಗಳಾದ ಮೇಲೆ ತಾನೇ ಬಂದು ಜಾಲರಿಯಿಂದ ಅವಳ ಸೆರಗು ಮೂಸಿತು. ಆವತ್ತು ನಮ್ಮ ಮನೆಯಾಕೆಗಾದ ಸಂತೋಷ, ಮೊಮ್ಮಗ ಮೊದಲು ಹೆಜ್ಜೆ ಇಟ್ಟಾಗಲೂ ಆಗಿತ್ತೋ ಇಲ್ಲವೋ!

ಗುರುಗುಟ್ಟಿದರೆ ಗದರಿಸಬೇಡಿ. ಅದು ‘ದೂರ ಇರು’ ಅಂತ ಹೇಳುವ ಮಾತು. ಗದರಿಸಿ ಗದರಿಸಿ ಆ ಮಾತನ್ನು ನಿಲ್ಲಿಸಿದರೆ ಮುಂದೆ ಹೇಳದೆ ಕೇಳದೆ ಕಚ್ಚುತ್ತದೆ. ಬೆಂಗಳೂರಿನಲ್ಲಿ ಆದದ್ದೂ ಇದೇ ಇರಬೇಕು.

ಕಂಬಳಿ ಹೊದ್ದವರನ್ನು ಕಂಡರೆ ಬೂದನಿಗೆ ಬಹಳ ಭಯ. ನಮ್ಮ ಕಡೆ ಕಂಬಳಿ ಇಲ್ಲದವರು ಎಲ್ಲಿ ಸಿಗುತ್ತಾರೆ? ಕುರಿ ಕಾಯೋ ನಮ್ಮಣ್ಣನಿಗೆ ಹೇಳಿದೆ, ದಿನಾ ಸಂಜೆ ಕಂಬಳಿ ಹೊದ್ದು ನಲವತ್ತು ಹೆಜ್ಜೆ ದೂರದಲ್ಲಿ ಹಾದು ಹೋಗು, ಹೋಗುವಾಗ ಒಂದು ರೊಟ್ಟಿ ಚೂರು ಎಸೆದು ಹೋಗು ಅಂತ. ‘ನಾಯಿಗೆ ನಾನು ಸಂಬಳದ ಆಳೇನೋ?’ ಅಂತ ಬೈದುಕೊಂಡೇ ಎರಡು ತಿಂಗಳು ಮಾಡಿದ. ನಲವತ್ತು ಹೆಜ್ಜೆ ಮೂವತ್ತಾಯಿತು, ಇಪ್ಪತ್ತಾಯಿತು. ಹತ್ತಕ್ಕೆ ಬಂದು ನಿಂತಿತು. ಅಲ್ಲಿಂದ ಮುಂದಕ್ಕೆ ಇವತ್ತಿನವರೆಗೂ ಹೋಗಿಲ್ಲ. ನಾವೂ ಒತ್ತಾಯ ಮಾಡಲಿಲ್ಲ.

ಕುರಿಯ ವಿಷಯದಲ್ಲಂತೂ ಉದ್ದ ಹಗ್ಗವಿಲ್ಲದೆ ಬೂದ ಹಿಂಡಿನ ಕಡೆ ಮುಖ ಮಾಡಂಗಿಲ್ಲ. ಒಂದು ಸಲ ಅಟ್ಟಿಸಿಕೊಂಡು ಹೋದ ರುಚಿ ಕಂಡ ನಾಯಿಯನ್ನು ನಂಬೋಕಾಗದು. ಬಾಗಿಲಿಗೆ ಎರಡು ಅಗಳಿ, ಒಂದು ಬೀಗ. ರಸ್ತೆ ಕಡೆ ‘ನಾಯಿ ಇದೆ, ಬಾಗಿಲು ತೆಗೆಯಬೇಡಿ’ ಅಂತ ಹಲಗೆ.

ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಕಚ್ಚೋದು ನಿಲ್ಲುತ್ತೆ ಅಂತಾರೆ. ಮಾಡಿಸಿದೆವು. ಹೆಣ್ಣುನಾಯಿಯ ವಾಸನೆಗೆ ಓಡೋದು ಕಮ್ಮಿಯಾಯಿತು. ಭಯ ಹೋಗಲಿಲ್ಲ. ಭಯ ಇರೋದು ಬೇರೆ ಕಡೆ.

ಮೂರು ವರ್ಷ ದಾಟಿದ ಮೇಲೆ ಲೆಕ್ಕ ಇಷ್ಟು: ಮನೆಯ ನಾಲ್ಕು ಜನರ ಜೊತೆ ಬೂದ ಕರುವಿನಂತೆ ಇರುತ್ತದೆ. ಮೊಮ್ಮಗನನ್ನು ಮಾತ್ರ ಅದರ ಹತ್ತಿರ ಒಂಟಿಯಾಗಿ ಬಿಟ್ಟಿಲ್ಲ, ಬಿಡೋದೂ ಇಲ್ಲ. ಹೊರಗಿನವರಿಗೆ ಅದು ಇವತ್ತಿಗೂ ಕಚ್ಚೋ ನಾಯಿಯೇ. ಕುರಿ ಕಾಯೋಕೆ ಬಾರದು. ಶೇಂಗಾ ಹೊಲಕ್ಕೆ ಹಂದಿ ಬಂದರೆ ರಾತ್ರಿಯೆಲ್ಲ ಬೊಗಳುತ್ತದೆ, ಹಂದಿಗಳು ಅದನ್ನು ಕೇಳಿಕೊಂಡೇ ಶೇಂಗಾ ತಿನ್ನುತ್ತವೆ. ಲಾಭದ ಲೆಕ್ಕದಲ್ಲಿ ಇದನ್ನು ಸಾಕೋರು ಯಾರೂ ಇಲ್ಲ. ‘ನಾಯಿ ಬಾಲ ಡೊಂಕು’ ಅಂತ ಗಾದೆ ಹೇಳಿ ಕೈ ಬಿಡೋದೂ ಸರಿಯಲ್ಲ, ಪ್ರೀತಿ ತೋರಿಸಿದರೆ ಎಲ್ಲಾ ಸರಿಹೋಗುತ್ತೆ ಅನ್ನೋದೂ ಸರಿಯಲ್ಲ. ಸ್ವಲ್ಪ ಸರಿಹೋಗುತ್ತದೆ. ಮಿಕ್ಕದ್ದಕ್ಕೆ ಜಾಲರಿ, ಬೀಗ, ಕುಕ್ಕೆ ಬೇಕು, ಅದರ ಆಯಸ್ಸು ಮುಗಿಯೋವರೆಗೆ. ಇದು ತಿಳಿದು ಒಪ್ಪುವವರು ತಗೊಳ್ಳಲಿ.

ನಾವೂ ಕಮ್ಮಿ ಇಲ್ಲ

ಪೇಟೆಯವರನ್ನೇ ಬೈದರೆ ಮುಗಿಯಲಿಲ್ಲ. ಹಳ್ಳಿಯಲ್ಲಿ ಕಚ್ಚೋ ನಾಯಿಗೆ ಏನು ಮಾಡುತ್ತೇವೆ? ಗೋಣಿಚೀಲಕ್ಕೆ ತುಂಬಿ, ಬೈಕಿನ ಹಿಂದೆ ಕಟ್ಟಿ, ರಾತ್ರಿ ಹತ್ತು ಮೈಲಿ ಆಚೆಯ ಸಂತೆ ಮಾಳದಲ್ಲೋ ಗುಡ್ಡದಲ್ಲೋ ಬಿಟ್ಟು ಬರುತ್ತೇವೆ. ನಮ್ಮ ಕಾಟ ಆ ಊರಿಗೆ ದಾಟಿತು ಅಷ್ಟೆ. ಅವರ ಊರಿನದು ನಮ್ಮಲ್ಲಿಗೆ ಬರುತ್ತದೆ. ಅನ್ನ ನೀರು ಸಿಗದಂತೆ ಸಾಕುಪ್ರಾಣಿಯನ್ನು ಬಿಟ್ಟು ಬರೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಗೇಣುದ್ದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟೋದು, ಯಾವಾಗಲೂ ಕಟ್ಟಿರುವ ನಾಯಿಯನ್ನು ಓಡಾಡಿಸದೆ ಇರೋದು ಕೂಡ ಅದೇ ಕಲಮಿನಲ್ಲಿದೆ. ಮೊದಲ ಸಲದ ದಂಡ ಮಾತ್ರ 10ರಿಂದ 50 ರೂಪಾಯಿ. ಇವತ್ತಿನ ಲೆಕ್ಕದಲ್ಲಿ ಎರಡು ಕಾಫಿ. ಆ ಕಾಯ್ದೆಗೆ ಯಾರೂ ಹೆದರದಿರುವುದು ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನು ಕೆಲವರು ಮುದ್ದೆಯಲ್ಲಿ ವಿಷ ಇಡುತ್ತಾರೆ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಪ್ರಾಣಿಗೆ ವಿಷ ಹಾಕಿ ಕೊಂದವರಿಗೆ ಐದು ವರ್ಷದವರೆಗೆ ಜೈಲಿದೆ. ಕಾನೂನು ಹಾಗಿರಲಿ, ಆ ಮುದ್ದೆಯನ್ನು ತಿನ್ನೋದು ನೀವು ಗುರಿ ಇಟ್ಟ ನಾಯಿಯೇ ಅಂತ ಏನು ಖಾತ್ರಿ? ರೊಪ್ಪದ ನಾಯಿ ತಿನ್ನಬಹುದು.

ನಿಜವಾಗಲೂ ಕೈ ಮೀರಿದ ನಾಯಿಗಳೂ ಇರುತ್ತವೆ. ಕಾರಣವಿಲ್ಲದೆ, ಎಚ್ಚರಿಕೆ ಕೊಡದೆ, ಆಳವಾಗಿ, ಮತ್ತೆ ಮತ್ತೆ ಕಚ್ಚುವಂಥವು. ಅಂಥ ನಾಯಿಯನ್ನು ಇನ್ನೊಬ್ಬರ ಮನೆಗೆ ದಾಟಿಸೋದು ಕರುಣೆಯಲ್ಲ. ಸಾಕಿದವರೇ ಪಶುವೈದ್ಯರ ಹತ್ತಿರ ಕೂತು ಮಾತಾಡಬೇಕು. ನೋವಿದೆಯೇ, ಮದ್ದಿದೆಯೇ, ಕಡೆಗೆ ನೋವಿಲ್ಲದಂತೆ ಕಳಿಸಿಕೊಡೋದೇ ದಾರಿಯೇ, ಅವರು ಹೇಳಲಿ. ಹೇಳಿದ ಮೇಲೆ ಕೊನೆ ಗಳಿಗೆಯಲ್ಲಿ ಪಕ್ಕದಲ್ಲಿ ಕೂರಬೇಕಾದವರೂ ಸಾಕಿದವರೇ. ಅದನ್ನು ತಪ್ಪಿಸಿಕೊಳ್ಳೋಕೇ ಬಹಳ ಜನ ‘ಹಳ್ಳಿಗೆ ಕೊಟ್ಟೆವು’ ಅಂತಾರೆ ಅಂತ ನನ್ನ ಅನುಮಾನ.

ಕಚ್ಚಿತು ಅಂದರೆ ಒಂದು ಮಾತು. ಯಾವ ನಾಯಿಯೇ ಆಗಲಿ, ಲಸಿಕೆ ಹಾಕಿಸಿದ್ದೇ ಆಗಲಿ, ಗಾಯವನ್ನು ಹರಿಯೋ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಕಾರದ ಪುಡಿ, ನಾಟಿ ಮದ್ದು ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಹಾಕುವ ಲಸಿಕೆಯಾದರೆ ಹೋದ ದಿನ ಒಂದು, ಆಮೇಲೆ 3, 7, 28ನೇ ದಿನ. ರಕ್ತ ಬಂದ ಗಾಯಕ್ಕೆ ಸೀರಂ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಕಚ್ಚಿದ ನಾಯಿಯನ್ನು ಹೊಡೆದು ಹಾಕದೆ ಹತ್ತು ದಿನ ಕಟ್ಟಿ ನೋಡಬೇಕು. ಹಾಗಂತ ನಾಯಿ ಸಾಯುತ್ತೋ ಬದುಕುತ್ತೋ ನೋಡಿಕೊಂಡು ಲಸಿಕೆಗೆ ಹೋಗೋಣ ಅಂತ ಕೂರಬೇಡಿ. ರೋಗದ ಗುರುತು ಮೈಮೇಲೆ ಬಂದ ಮೇಲೆ ಅದಕ್ಕೆ ಮದ್ದಿಲ್ಲ.

ಕೇಳಿ ತಗೊಳ್ಳಿ

ಜಾತ್ರೆಯಲ್ಲಿ ಎತ್ತು ಹಿಡಿಯುವಾಗ ನಾವು ಏನೆಲ್ಲ ನೋಡುತ್ತೇವೆ! ಹಲ್ಲು, ಗೊರಸು, ಸುಳಿ, ಬಾಲ. ಹಾಯುತ್ತಾ, ಒದೆಯುತ್ತಾ, ನೊಗ ಕಟ್ಟಿದರೆ ಮಲಗುತ್ತಾ, ಎಲ್ಲಾ ಕೇಳುತ್ತೇವೆ. ದಲ್ಲಾಳಿ ಸುಳ್ಳು ಹೇಳುತ್ತಾನೆ ಅಂತ ಗೊತ್ತಿದ್ದರೂ ಕೇಳುತ್ತೇವೆ. ಅದೇ ಪುಕ್ಕಟೆ ನಾಯಿ ಕಾರಿನಿಂದ ಇಳಿದರೆ, ಅದೂ ಜಾತಿ ನಾಯಿಯಾದರೆ, ಏನೂ ಕೇಳದೆ ಹಗ್ಗ ಹಿಡಿಯುತ್ತೇವೆ. ದಾನ ಕೊಟ್ಟ ದನದ ಹಲ್ಲು ಎಣಿಸಬಾರದು ಅನ್ನೋ ಮಾತು ನಾಯಿಗೆ ಹೊಂದೋದಿಲ್ಲ. ಇಲ್ಲಿ ಆ ಹಲ್ಲುಗಳೇ ವಿಷಯ.

ಬೂದ ಬಂದಮೇಲೆ ‘ಅವರು ಕಚ್ಚೋ ನಾಯಿ ಸಾಕುತ್ತಾರಂತೆ’ ಅಂತ ಹೆಸರಾಗಿ, ಇನ್ನೂ ಮೂರು ನಾಯಿಗೆ ಕೇಳಿಕೊಂಡು ಫೋನು ಬಂದವು. ಮೂರಕ್ಕೂ ಬೇಡ ಅಂದೆ. ಬೇಡ ಅನ್ನುವ ಮುಂಚೆ ಕೇಳಬೇಕಾದ್ದನ್ನೆಲ್ಲ ಕೇಳಿದೆ. ಯಾರಿಗೆ ಕಚ್ಚಿದೆ, ಎಲ್ಲಿಗೆ, ಎಷ್ಟು ಆಳ. ಕಚ್ಚುವ ಮುಂಚೆ ಗುರುಗುಟ್ಟಿತೋ ಇಲ್ಲವೋ. ಅನ್ನದ ತಟ್ಟೆ ಹತ್ತಿರ ಹೋದರೆ ಏನು ಮಾಡುತ್ತೆ. ಮಕ್ಕಳನ್ನು, ಬೇರೆ ನಾಯಿಯನ್ನು, ಕೋಳಿ ಕುರಿಯನ್ನು ಯಾವತ್ತಾದರೂ ಕಂಡಿದೆಯೇ. ದಿನಕ್ಕೆ ಎಷ್ಟು ಹೊತ್ತು ಕಟ್ಟಿರುತ್ತೀರಿ. ಕೊನೆಗೆ, ನಿಮ್ಮಲ್ಲೇ ಇಟ್ಟುಕೊಳ್ಳೋಕೆ ಏನೇನು ಮಾಡಿ ನೋಡಿದಿರಿ. ಇಬ್ಬರು ಈ ಕೊನೆಯ ಪ್ರಶ್ನೆಗೆ ಫೋನು ಇಟ್ಟರು. ಮೂರನೆಯವರು ಒಬ್ಬ ಹೆಣ್ಣುಮಗಳು, ಎಲ್ಲಕ್ಕೂ ಇದ್ದದ್ದು ಇದ್ದಂಗೆ ಉತ್ತರ ಹೇಳಿದರು. ಎಂಟು ವರ್ಷದ ನಾಯಿ, ಹೊಸಬರು ಮನೆಗೆ ಬಂದರೆ ಮಾತ್ರ ಕಷ್ಟ. ‘ತಾಯಿ, ನಿಮಗಿಂತ ಚೆನ್ನಾಗಿ ಅದನ್ನು ನೋಡಿಕೊಳ್ಳೋರು ನನಗೆ ಕಾಣಲ್ಲ. ಜನ ಬಂದಾಗ ಒಳಗಿನ ಕೋಣೆಗೆ ಹಾಕಿ, ಕುಕ್ಕೆ ಅಭ್ಯಾಸ ಮಾಡಿಸಿ, ಕಿವಿ ತೋರಿಸಿ’ ಅಂದೆ. ಆರು ತಿಂಗಳ ಮೇಲೆ ಫೋನು ಮಾಡಿದ್ದರು. ನಾಯಿ ಅವರ ಮನೆಯಲ್ಲೇ ಇದೆ. ನೋವಿದ್ದದ್ದು ಕಿವಿಯಲ್ಲಲ್ಲ, ದವಡೆ ಹಲ್ಲಿನಲ್ಲಿ.

ಸಣ್ಣ ಮಕ್ಕಳಿರುವ ಮನೆ, ಬಯಲಿಗೆ ಕುರಿ ಬಿಡೋ ಮನೆ, ಆಳುಕಾಳು ಬಂದು ಹೋಗೋ ಮನೆ, ಹಗಲೆಲ್ಲ ಬೀಗ ಹಾಕಿ ಕೂಲಿಗೆ ಹೋಗೋ ಮನೆ, ಇವರು ಯಾರೂ ಇಂಥ ನಾಯಿ ತಗೊಳ್ಳಬೇಡಿ. ನಿಮ್ಮ ನೆಂಟರೇ ತಂದರೂ ಬೇಡ ಅನ್ನಿ. ಹಗಲಿಡೀ ಮನೆಯಲ್ಲಿ ಒಬ್ಬರಿದ್ದು, ಗಟ್ಟಿ ಜಾಲರಿ ಕಟ್ಟೋ ಶಕ್ತಿ ಇದ್ದು, ಹತ್ತಿರದಲ್ಲಿ ಪಶು ಆಸ್ಪತ್ರೆ ಇದ್ದರೆ ಯೋಚನೆ ಮಾಡಬಹುದು. ಕೊಡುವವರು ಮೊದಲು ನಾಯಿ ಇಲ್ಲದೆ ಒಂದು ಸಲ ಬಂದು ಜಾಗ ನೋಡಿ ಹೋಗಲಿ. ಆಮೇಲೆ ನಾಯಿಯ ಜೊತೆ ಬಂದು ಎರಡು ದಿನ ಉಳಿಯಲಿ. ಕಾರಿನಿಂದ ಇಳಿಸಿ ಅರ್ಧ ಗಂಟೆಗೆ ಹೊರಡೋ ಆತುರ ಇದ್ದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತಲೇ ತಿಳಿಯಿರಿ.

ಮತ್ತೊಂದು, ಬರೆಸಿಕೊಳ್ಳಿ. ಛಾಪಾ ಕಾಗದ ಬೇಡ, ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ನಾಯಿಯ ವಯಸ್ಸು, ಲಸಿಕೆ ಹಾಕಿಸಿದ ತಾರೀಕು, ಇದ್ದ ರೋಗ, ತಿನ್ನುವ ಅಭ್ಯಾಸ, ಹೆದರುವ ಸಂಗತಿ, ಕಚ್ಚಿದ್ದರೆ ಯಾರಿಗೆ, ಯಾವಾಗ. ಕೆಳಗೆ ಕೊಡುವವರ ವಿಳಾಸ, ಫೋನ್ ನಂಬರು. ಅದರ ಕೆಳಗೆ, ‘ಮೂರು ತಿಂಗಳೊಳಗೆ ಹೊಂದದಿದ್ದರೆ ನಾನೇ ಬಂದು ವಾಪಸು ಕರೆದುಕೊಂಡು ಹೋಗುತ್ತೇನೆ. ಅಷ್ಟರಲ್ಲಿ ಆದ ನಷ್ಟ ನನ್ನದು’ ಅಂತ ಒಂದು ಸಾಲು, ಅದಕ್ಕೆ ಸಹಿ. ಸಹಿ ಬಿದ್ದ ಮೇಲೆ ಕಾರಿನ ಹಿಂಬಾಗಿಲು ತೆಗೆಯೋಕೆ ಹೇಳಿ.